ಮೆದುಳಿನ ಗೆರೆಗಳಲ್ಲಿ ಆಟಿಸಂ ಹುಡುಕಿದ ಕಥೆ

ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ವಿಕಲಚೇತನರ ಯುಡಿಐಡಿ ಕಾರ್ಡ್ ಶಿಬಿರದ ಸುದ್ದಿಗೆ ಹೋಗಿದ್ದೆವು. ನಮ್ಮ ಪಕ್ಕದ ಬೆಂಚಿನಲ್ಲಿ ಒಬ್ಬ ತಾಯಿ, ಮಡಿಲಲ್ಲಿ ಮೂರೂವರೆ ವರ್ಷದ ಗಂಡು ಮಗು. ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ, ಹೊರಗೆ ಬಸ್ಸಿನ ಹಾರ್ನ್ ಆದರೆ ಮಾತ್ರ ಎರಡೂ ಕಿವಿ ಮುಚ್ಚಿಕೊಳ್ಳುತ್ತಿತ್ತು. ತಾಯಿ ಪ್ಲಾಸ್ಟಿಕ್ ಕವರಿನಿಂದ ಒಂದು ಇಇಜಿ ವರದಿ ತೆಗೆದು ನಮ್ಮ ಕೈಗೆ ಕೊಟ್ಟರು. ಕೊನೆಯ ಸಾಲಿನಲ್ಲಿ ನಾರ್ಮಲ್ ಎಂದಿತ್ತು. "ತಲೆ ನಾರ್ಮಲ್ ಅಂತ ಬಂದೈತಲ್ಲ ಸಾರ್, ಹಂಗಾದ್ರೆ ಆಟಿಸಂ ಇಲ್ಲ ಅಂತ ತಾನೆ?" ಎಂದು ಕೇಳಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಸಿಟಿಯಲ್ಲಿ ಬ್ರೇನ್ ಮ್ಯಾಪಿಂಗ್ ಅಂತ ಮಾಡುತ್ತಾರಂತೆ, ಅದರಲ್ಲಿ ಗ್ಯಾರಂಟಿ ಗೊತ್ತಾಗುತ್ತದಂತೆ, ಸಾಲ ಮಾಡಿಯಾದರೂ ಮಾಡಿಸಬೇಕಾ ಎಂದೂ ಕೇಳಿದರು.

ನಮಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆವು. ಆಮೇಲೆ ಕುಳಿತು ಓದಿದೆವು. ಓದುತ್ತಾ ಹೋದಂತೆ ಆ ತಾಯಿಯ ಪ್ರಶ್ನೆ 80 ವರ್ಷ ಹಳೆಯದು ಎಂದು ತಿಳಿಯಿತು.

ಮೊದಲು ಆ ಕಾಗದದ ಹುಟ್ಟು. ಮೆದುಳಿನಲ್ಲಿ ವಿದ್ಯುತ್ ಹರಿಯುತ್ತದೆ ಎಂದು 1875ರಲ್ಲೇ ಲಿವರ್‌ಪೂಲಿನ ರಿಚರ್ಡ್ ಕೇಟನ್ ಎಂಬ ವೈದ್ಯ ಮೊಲ, ಕೋತಿಗಳ ಮೆದುಳಿನ ಮೇಲೆ ತಂತಿ ಇಟ್ಟು ತೋರಿಸಿದ್ದ. ಮನುಷ್ಯನ ತಲೆಯಿಂದ ಅದನ್ನು ಹಿಡಿದವರು ಜರ್ಮನಿಯ ಯೇನಾ ಊರಿನ ಮನೋವೈದ್ಯ ಹಾನ್ಸ್ ಬರ್ಗರ್. ಅವರ ಕಥೆ ವಿಚಿತ್ರವಾಗಿದೆ. ಯುವಕನಾಗಿ ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು, ಫಿರಂಗಿ ಗಾಡಿಯ ಚಕ್ರಕ್ಕೆ ಸಿಗುವುದರಿಂದ ಸ್ವಲ್ಪದರಲ್ಲಿ ಪಾರಾದರು. ಅದೇ ದಿನ ದೂರದ ಊರಿನಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಆಗಿದೆ ಎನಿಸಿ, ಅಪ್ಪನಿಂದ ಟೆಲಿಗ್ರಾಂ ಕಳಿಸಿದ್ದಳು. ಒಂದು ಮನಸ್ಸು ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಹೇಗೆ ಎಂದು ಹುಡುಕುತ್ತಾ ಹೊರಟ ಬರ್ಗರ್‌ಗೆ 1924ರಲ್ಲಿ ಸಿಕ್ಕಿದ್ದು ಅದಲ್ಲ, ನಡುಗುವ ಒಂದು ಗೆರೆ. ಐದು ವರ್ಷ ಯಾರಿಗೂ ಹೇಳದೆ, ತಮ್ಮ ಮಗನ ತಲೆಯ ಮೇಲೂ ಮತ್ತೆ ಮತ್ತೆ ಅಳೆದು ನೋಡಿ, 1929ರಲ್ಲಿ ಪ್ರಕಟಿಸಿದರು. ನೆತ್ತಿಯ ಚರ್ಮದ ಮೇಲೆ ಸಿಗುವ ಆ ವಿದ್ಯುತ್ ಎಷ್ಟು ಸಣ್ಣದೆಂದರೆ, ಗೋಡೆ ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನ ಶೆಲ್ಲಿನ ಮೂವತ್ತು ಸಾವಿರದಲ್ಲಿ ಒಂದು ಪಾಲು. ಮೊದಮೊದಲು ಹೆಚ್ಚಿನವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಡ್ಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ತಾವೂ ಮಾಡಿ ನೋಡಿ ನಿಜವೆಂದರು.

ಅದರ ಮರುವರ್ಷವೇ, 1935ರಲ್ಲಿ, ಈ ಯಂತ್ರದ ಹಣೆಬರಹ ನಿರ್ಧಾರವಾಯಿತು ಎನ್ನಬಹುದು. ಬಾಸ್ಟನ್‌ನಲ್ಲಿ ಗಿಬ್ಸ್, ಡೇವಿಸ್ ಮತ್ತು ಲೆನಾಕ್ಸ್ ಎಂಬ ಮೂವರು, ಮೂರ್ಛೆ ರೋಗದ ಒಂದು ಬಗೆಯಲ್ಲಿ ಸೆಕೆಂಡಿಗೆ ಮೂರು ಸಲ ಮುಳ್ಳಿನಂತೆ ಏಳುವ ಅಲೆ ಕಾಣುತ್ತದೆ ಎಂದು ತೋರಿಸಿದರು. ಅದು ಕಣ್ಣಿಗೆ ನೇರವಾಗಿ ಕಾಣುವ ಗುರುತು. ಅಂದಿನಿಂದ ಇಇಜಿ ಎಂದರೆ ಫಿಟ್ಸ್ ಯಂತ್ರ. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಇವತ್ತಿಗೂ ಅದು ಮುಖ್ಯವಾಗಿ ಫಿಟ್ಸ್ ಯಂತ್ರವೇ. ಆ ತಾಯಿಯ ವರದಿ ಉತ್ತರ ಕೊಟ್ಟದ್ದು ಆ ಪ್ರಶ್ನೆಗೆ. ಅವರು ಕೇಳಿದ್ದು ಬೇರೆ ಪ್ರಶ್ನೆ.

ಇನ್ನು ಆಟಿಸಂ. ಅಂಥ ಮಕ್ಕಳನ್ನು 1925ರಷ್ಟು ಹಿಂದೆಯೇ ಮಾಸ್ಕೋದ ಗ್ರುನ್ಯಾ ಸುಖರೇವಾ ಎಂಬ ವೈದ್ಯೆ ವಿವರಿಸಿದ್ದರು. ಆಕೆಯನ್ನು ಜಗತ್ತು ಬಹುಕಾಲ ಮರೆತಿತ್ತು. ಹೆಸರಾದದ್ದು ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಪ್ರಬಂಧ. ಅವರಲ್ಲಿ ಮೊದಲ ಮಗು ಕ್ಯಾನರ್ ಬಳಿಗೆ ಬಂದದ್ದು 1938ರಲ್ಲಿ. ಮಗು ಬರುವ ಮುಂಚೆ ಅಪ್ಪ ಟೈಪ್ ಮಾಡಿ ಕಳಿಸಿದ 33 ಪುಟಗಳ ಪತ್ರ ಬಂದಿತ್ತು. ಮಗ ಏನು ತಿನ್ನುತ್ತಾನೆ, ಯಾರು ಬಂದರೂ ಹೇಗೆ ಗಮನಿಸುವುದಿಲ್ಲ, ಯಾವ ವಸ್ತುವನ್ನು ಹೇಗೆ ತಿರುಗಿಸುತ್ತಾನೆ, ಎಲ್ಲ ಅದರಲ್ಲಿತ್ತು. ಈ ಪತ್ರವನ್ನು ನೆನಪಿಡಿ.

ನಮಗೆ ಆಶ್ಚರ್ಯವಾದದ್ದು ಬೇರೆ. ಕ್ಯಾನರ್‌ನ ಆ ಪ್ರಬಂಧದಲ್ಲೇ ಇಇಜಿ ಇದೆ! ಬರ್ಗರ್ ಪ್ರಕಟಿಸಿ 14 ವರ್ಷವಾಗಿತ್ತಷ್ಟೆ. ಫಲಿತಾಂಶಕ್ಕೆ ಕ್ಯಾನರ್ ಒಂದು ವಾಕ್ಯ ಸಾಕೆಂದುಕೊಂಡಿದ್ದರು: ಫಿಟ್ಸ್ ಬಂದಿದ್ದ ಒಂದು ಮಗುವನ್ನು ಬಿಟ್ಟರೆ ಉಳಿದವರದೆಲ್ಲ ನಾರ್ಮಲ್. ಅಂದರೆ ಆಟಿಸಂ ಎಂದು ಹೆಸರಿಟ್ಟ ಮೊದಲ ಮಕ್ಕಳಲ್ಲೇ ಇಇಜಿ ನಾರ್ಮಲ್ ಇತ್ತು, ಆಟಿಸಂ ಕೂಡ ಇತ್ತು. ತಾಲ್ಲೂಕು ಆಸ್ಪತ್ರೆಯ ಬೆಂಚಿನ ಮೇಲೆ ನಮಗೆ ಹೇಳಲು ಬಾರದ ಉತ್ತರ ಅಚ್ಚಾಗಿ ಎಂಟು ದಶಕ ಆಗಿತ್ತು.

ಆದರೆ ನಾರ್ಮಲ್ ಎಂಬ ಆ ಪದ ಕೆಟ್ಟದ್ದನ್ನೂ ಮಾಡಿತು. ಇದು ಹುಟ್ಟಿನಿಂದಲೇ ಬಂದದ್ದು ಎಂದು ಕ್ಯಾನರ್ ಅದೇ ಪ್ರಬಂಧದಲ್ಲಿ ಹೇಳಿದ್ದರೂ, ಈ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಬೆಚ್ಚಗಿನ ಪ್ರೀತಿ ಕಡಿಮೆ ಎಂದೂ ಗೀಚಿಬಿಟ್ಟಿದ್ದರು. ಮೆದುಳಿನಲ್ಲಿ ಏನೂ ಕಾಣದಿದ್ದರೆ ತಪ್ಪು ಇನ್ನೆಲ್ಲಿರಬೇಕು? ಮನೆಯಲ್ಲಿ, ಅದರಲ್ಲೂ ತಾಯಿಯಲ್ಲಿ. 1950-60ರ ದಶಕಗಳಲ್ಲಿ 'ಫ್ರಿಜ್‌ನಂಥ ತಾಯಿ' ಎಂಬ ಮಾತು ಅಮೆರಿಕದಲ್ಲಿ ಚಲಾವಣೆಯಲ್ಲಿತ್ತು. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಅದನ್ನೇ ದಪ್ಪ ಪುಸ್ತಕ ಮಾಡಿದರು. ಮಗುವಿಗೆ ಮಾತು ಬಾರದ ದುಃಖದ ಮೇಲೆ, ನೀನು ಪ್ರೀತಿಸಲಿಲ್ಲ ಎಂಬ ಆರೋಪ. ನಮ್ಮ ಹಳ್ಳಿಗಳಲ್ಲಿ ಈ ಆರೋಪ ಬೇರೆ ವೇಷದಲ್ಲಿ ಬರುತ್ತದೆ. ಬಸುರಿಯಲ್ಲಿ ಗ್ರಹಣ ನೋಡಿದೆ, ಮೊಬೈಲ್ ಕೊಟ್ಟು ಕೆಡಿಸಿದೆ, ಕೆಲಸಕ್ಕೆ ಹೋಗಿ ಮಗುವನ್ನು ಬಿಟ್ಟೆ. ಕೇಳಿಸಿಕೊಳ್ಳುವವಳು ಮಾತ್ರ ಅಲ್ಲೂ ಇಲ್ಲೂ ತಾಯಿಯೇ.

ಮೆದುಳಿನ ಅಳತೆ ನಿಜಕ್ಕೂ ಉಪಕಾರ ಮಾಡಿದ್ದು ಈ ಹಂತದಲ್ಲಿ. ಲಂಡನ್ನಿನ ಮೌಡ್ಸ್‌ಲೀ ಆಸ್ಪತ್ರೆಯಲ್ಲಿ ಮೈಕೆಲ್ ರಟರ್ ಮತ್ತು ಸಂಗಡಿಗರು 63 ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಚಿಕ್ಕಂದಿನಲ್ಲಿ ನರದ ತೊಂದರೆಯ ಯಾವ ಸುಳಿವೂ ಇಲ್ಲದಿದ್ದ ಕೆಲವರಿಗೆ ಹರೆಯ ಬರುತ್ತಿದ್ದಂತೆ ಫಿಟ್ಸ್ ಶುರುವಾಯಿತು. ತಾಯಿ ಮುದ್ದು ಮಾಡಲಿಲ್ಲವೆಂದು ಹದಿನೈದನೇ ವಯಸ್ಸಿನಲ್ಲಿ ಯಾರಿಗೂ ಮೂರ್ಛೆ ಬರುವುದಿಲ್ಲ. ಅದೇ ಹೊತ್ತಿಗೆ, 1964ರಲ್ಲಿ, ಆಕ್ಸ್‌ಫರ್ಡಿನ ಹಟ್ ದಂಪತಿ ಮತ್ತು ಅವರ ಜತೆಗಾರರು ಆಟಿಸಂ ಇರುವ ಮಕ್ಕಳ ಇಇಜಿಯನ್ನು ಬೇರೆ ರೀತಿ ನೋಡಿದರು. ಮುಳ್ಳಿನ ಅಲೆ ಹುಡುಕಲಿಲ್ಲ. ಮಗು ಏನು ಮಾಡುತ್ತಿದೆ, ಆಗ ಗೆರೆ ಹೇಗಿದೆ ಎಂದು ಜೋಡಿಸಿ ನೋಡಿದರು. ಈ ಮಕ್ಕಳ ಮೆದುಳು ಸದಾ ಎಚ್ಚರದ ತುದಿಯಲ್ಲಿ ಇರುವಂತಿದೆ, ಕೈ ಅಲ್ಲಾಡಿಸುವುದು, ತಿರುಗುವುದು ಎಲ್ಲ ಹೊರಗಿನ ಗದ್ದಲವನ್ನು ತಡೆಯುವ ಉಪಾಯ ಇರಬಹುದು ಎಂಬುದು ಅವರ ಊಹೆ. ಊಹೆ ಪೂರ್ತಿ ನಿಲ್ಲಲಿಲ್ಲ. ಆದರೂ ಹಾರ್ನ್ ಕೇಳಿ ಕಿವಿ ಮುಚ್ಚಿಕೊಳ್ಳುವ ಮಗುವನ್ನು ಕಂಡವರಿಗೆ ಅದರಲ್ಲಿ ಏನೋ ಇದೆ ಎನಿಸದೆ ಇರದು.

ಅದೇ 1964ರಲ್ಲಿ ಅಮೆರಿಕದ ನೌಕಾಪಡೆಯಲ್ಲಿ ಮನಶ್ಶಾಸ್ತ್ರಜ್ಞನಾಗಿದ್ದ, ಸ್ವತಃ ಆಟಿಸಂ ಇರುವ ಮಗನ ಅಪ್ಪನಾದ ಬರ್ನಾರ್ಡ್ ರಿಮ್‌ಲ್ಯಾಂಡ್ ಇದು ಮೆದುಳಿಗೆ ಸಂಬಂಧಿಸಿದ್ದು ಎಂದು ವಾದಿಸುವ ಪುಸ್ತಕ ತಂದರು. 1969ರಲ್ಲಿ ಪಾಲಕರ ಸಂಘದ ಸಭೆಗೆ ಬಂದ ಕ್ಯಾನರ್, ಅಪ್ಪ ಅಮ್ಮಂದಿರಾದ ನಿಮ್ಮನ್ನು ಈ ಆರೋಪದಿಂದ ಬಿಡುಗಡೆ ಮಾಡುತ್ತೇನೆ ಎಂದು ಎಲ್ಲರೆದುರು ಹೇಳಿದರು. 1977ರಲ್ಲಿ ಫೋಲ್‌ಸ್ಟೈನ್ ಮತ್ತು ರಟರ್ ಅವಳಿ ಮಕ್ಕಳ ಅಧ್ಯಯನದಿಂದ ವಂಶವಾಹಿಯ ಪಾತ್ರವನ್ನು ತೋರಿಸಿದರು. ಅಲ್ಲಿಗೆ ತಾಯಂದಿರ ವಿಚಾರಣೆ ಪುಸ್ತಕದಲ್ಲಾದರೂ ಮುಗಿಯಿತು.

ಹಾಗಾದರೆ ಮೆದುಳಿನದ್ದೇ ಎಂದಾದ ಮೇಲೆ ಮೆದುಳಿನಲ್ಲಿ ಕಾಣಲೇಬೇಕಲ್ಲ, ಬೇಗ ಕಾಣಬೇಕಲ್ಲ? ಮುಂದಿನ ನಾಲ್ಕೈದು ದಶಕ ಈ ಆಸೆಯ ಬೆನ್ನು ಹತ್ತಿದ ಕಥೆ.

ಇಲ್ಲಿ ಒಂದು ತಾಂತ್ರಿಕ ವಿಷಯ ಹೇಳಲೇಬೇಕು. ಇಇಜಿ ಗೆರೆ ಎಂದರೆ ಸಂತೆಯ ಗದ್ದಲ ಇದ್ದಂತೆ. ಅದರಲ್ಲಿ ಒಬ್ಬಳು 'ಓ' ಎಂದದ್ದು ಬೇರೆಯಾಗಿ ಕೇಳಿಸುವುದಿಲ್ಲ. 1950ರ ದಶಕದ ಆರಂಭದಲ್ಲಿ ಲಂಡನ್ನಿನ ಜಾರ್ಜ್ ಡಾಸನ್ ಒಂದು ದಾರಿ ಕಂಡುಹಿಡಿದರು. ಒಂದೇ ಶಬ್ದವನ್ನೋ ಚಿತ್ರವನ್ನೋ ನೂರಾರು ಸಲ ಕೊಟ್ಟು, ಪ್ರತಿ ಸಲದ ಗೆರೆಯನ್ನೂ ಕೂಡಿಸಿ ಸರಾಸರಿ ತೆಗೆಯುವುದು. ಗದ್ದಲ ಒಂದಕ್ಕೊಂದು ಹೊಡೆದು ಹೋಗಿ, ಆ ಶಬ್ದಕ್ಕೆ ಮೆದುಳು ಕೊಟ್ಟ ಉತ್ತರ ಮಾತ್ರ ಉಳಿಯುತ್ತದೆ. ಮಗುವಿಗೆ ಕಿವಿ ಕೇಳುತ್ತದೆಯೇ ಎಂದು ನೋಡುವ ಬೆರಾ ಪರೀಕ್ಷೆ ಇದೇ ತತ್ವದ್ದು. ಮಾತು ತಡವಾದ ಮಗುವನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದವರಿಗೆ ಈ ಹೆಸರು ಚೆನ್ನಾಗಿ ಗೊತ್ತು.

ಈ ದಾರಿಯಲ್ಲಿ ನಡೆದವರಲ್ಲಿ ಇನ್ನೊಬ್ಬ ಡಾಸನ್ ಇದ್ದಾರೆ, ಅಮೆರಿಕದ ಜೆರಾಲ್ಡಿನ್ ಡಾಸನ್. ಸಿಯಾಟಲ್‌ನಲ್ಲಿ ಆಕೆಯ ತಂಡ 2002ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾದದ್ದು. ಮೂರು ನಾಲ್ಕು ವರ್ಷದ ಮಕ್ಕಳಿಗೆ ತಾಯಿಯ ಮುಖ, ಅಪರಿಚಿತ ಹೆಂಗಸಿನ ಮುಖ, ತನ್ನ ನೆಚ್ಚಿನ ಆಟಿಕೆ, ಕಂಡರಿಯದ ಆಟಿಕೆ, ಇವುಗಳ ಚಿತ್ರ ತೋರಿಸಿದರು. ಸಾಮಾನ್ಯ ಬೆಳವಣಿಗೆಯ ಮಕ್ಕಳ ಮೆದುಳು ತಾಯಿಗೂ ಅಪರಿಚಿತಳಿಗೂ, ಹಳೆ ಆಟಿಕೆಗೂ ಹೊಸ ಆಟಿಕೆಗೂ ಬೇರೆ ಬೇರೆ ಉತ್ತರ ಕೊಟ್ಟಿತು. ಆಟಿಸಂ ಇರುವ ಮಕ್ಕಳ ಮೆದುಳು ಆಟಿಕೆಗಳ ವ್ಯತ್ಯಾಸ ಹಿಡಿಯಿತು, ಮುಖಗಳದ್ದನ್ನು ಆ ಅಲೆಯಲ್ಲಿ ತೋರಿಸಲಿಲ್ಲ. ಇದನ್ನು ಓದಿ ಮಗು ತಾಯಿಯನ್ನು ಗುರುತಿಸುವುದಿಲ್ಲ ಎಂದುಕೊಳ್ಳಬೇಡಿ. ಗುರುತಿಸುತ್ತದೆ, ಅಪ್ಪಿಕೊಳ್ಳುತ್ತದೆ. ಮುಖವನ್ನು ಸಂಸ್ಕರಿಸುವ ಹಾದಿ ಬೇರೆ ಇರಬಹುದು ಎಂಬುದಷ್ಟೇ ಅದರ ಅರ್ಥ.

ಆದರೆ ಮೂರು ನಾಲ್ಕು ವರ್ಷಕ್ಕೆ ಅನುಭವಸ್ಥ ವೈದ್ಯರಿಗೆ ಕಣ್ಣಿನಿಂದಲೇ ಗೊತ್ತಾಗುತ್ತದೆ. ಯಂತ್ರದಿಂದ ಲಾಭ ಇರುವುದು ಅದಕ್ಕೂ ಮೊದಲು. ಹುಟ್ಟಿದ ಯಾವ ಮಗುವಿಗೆ ಮುಂದೆ ಆಟಿಸಂ ಎಂದು ಗೊತ್ತಿಲ್ಲದಿರುವಾಗ ಯಾರನ್ನು ಅಳೆಯುವುದು? ಸಂಶೋಧಕರು ತಮ್ಮ ತಂಗಿಯರತ್ತ ತಿರುಗಿದರು. ಈಗಾಗಲೇ ಆಟಿಸಂ ಇರುವ ಮಗುವಿನ ಬೆನ್ನಿಗೆ ಹುಟ್ಟಿದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಅದು ಬರುತ್ತದೆ. ಇಂಥ ಹಸುಳೆಗಳನ್ನು ತೊಟ್ಟಿಲಿನಿಂದ ಮೂರು ವರ್ಷದವರೆಗೆ ಹಿಂಬಾಲಿಸುವ ಅಧ್ಯಯನಗಳು ಲಂಡನ್, ಬಾಸ್ಟನ್ ಮೊದಲಾದ ಕಡೆ ನಡೆದವು. ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನ ಮಾಯದಾ ಎಲ್ಸಬ್ಬಾಗ್, ಮಾರ್ಕ್ ಜಾನ್ಸನ್ ಮತ್ತವರ ತಂಡ 2012ರಲ್ಲಿ 104 ಮಕ್ಕಳ ಫಲಿತಾಂಶ ಕೊಟ್ಟಿತು. ಆರರಿಂದ ಹತ್ತು ತಿಂಗಳ ಕೂಸಿಗೆ, ತನ್ನತ್ತ ನೋಟ ತಿರುಗಿಸುವ ಮುಖ ಮತ್ತು ತನ್ನಿಂದ ನೋಟ ತಪ್ಪಿಸುವ ಮುಖ ತೋರಿಸಿದಾಗ ಬರುವ ಅಲೆಯಲ್ಲಿ, ಮುಂದೆ ಆಟಿಸಂ ಆದ ಮಕ್ಕಳ ಗುಂಪಿನಲ್ಲಿ ವ್ಯತ್ಯಾಸ ಕಡಿಮೆ ಇತ್ತು. ಗುಂಪಿನಲ್ಲಿ ಎಂಬ ಪದದ ಮೇಲೆ ಬೆರಳಿಡಿ. ಒಂದೊಂದೇ ಮಗುವನ್ನು ಎತ್ತಿ ಇದು ಹೌದು, ಇದು ಅಲ್ಲ ಎನ್ನಲು ಅದು ಸಾಲದು. ಒಂದು ಊರಿನ ಗಂಡಸರ ಸರಾಸರಿ ಎತ್ತರ ಪಕ್ಕದ ಊರಿನವರಿಗಿಂತ ಒಂದು ಇಂಚು ಹೆಚ್ಚಿದ್ದರೆ, ಎತ್ತರ ನೋಡಿ ಇವನು ಯಾವ ಊರಿನವನು ಎಂದು ಹೇಳಲು ಆಗುತ್ತದೆಯೇ?

ಒಂದೊಂದೇ ಮಗುವನ್ನು ಹೇಳಲು ಕಂಪ್ಯೂಟರ್ ಬಂತು. ಬಾಸ್ಟನ್ನಿನ ವಿಲಿಯಂ ಬೋಸ್ಲ್, ಹೆಲೆನ್ ಟಾಗರ್-ಫ್ಲಸ್‌ಬರ್ಗ್, ಚಾರ್ಲ್ಸ್ ನೆಲ್ಸನ್ 2018ರಲ್ಲಿ 188 ಮಕ್ಕಳ ಇಇಜಿಯನ್ನು ಗಣಕಕ್ಕೆ ಕಲಿಸಿ, ಮೂರು ತಿಂಗಳ ಕೂಸಿನ ಗೆರೆಯಿಂದಲೇ ಮುಂದಿನ ಆಟಿಸಂ ಊಹಿಸಬಹುದು, ಕೆಲವು ವಯಸ್ಸುಗಳಲ್ಲಿ ನಿಖರತೆ ಶೇ 95 ದಾಟಿತು ಎಂದರು. ಅದರ ಹಿಂದಿನ ವರ್ಷ ಅಮೆರಿಕದ ಇನ್ನೊಂದು ತಂಡ, ನಿದ್ದೆಯಲ್ಲಿರುವ ಆರು ತಿಂಗಳ 59 ಹಸುಳೆಗಳ ಎಂಆರ್‌ಐ ತೆಗೆದು, ಮುಂದೆ ಆಟಿಸಂ ಆದ 11ರಲ್ಲಿ 9 ಮಕ್ಕಳನ್ನು ಸರಿಯಾಗಿ ಗುರುತಿಸಿತ್ತು. ಇಂಥ ಸುದ್ದಿ ಏಜೆನ್ಸಿಯಿಂದ ಬಂದಾಗ ನಮ್ಮಂಥವರು ಹಿಂದೆ ಮುಂದೆ ನೋಡದೆ 'ಮೂರೇ ತಿಂಗಳಲ್ಲಿ ಆಟಿಸಂ ಪತ್ತೆ!' ಎಂದು ತಲೆಬರಹ ಕೊಟ್ಟು ಕಳಿಸಿದ್ದುಂಟು. ಆ ತಾಯಿಗೆ ಬ್ರೇನ್ ಮ್ಯಾಪಿಂಗ್ ಆಸೆ ಹುಟ್ಟಿಸಿದ ಕೈಗಳಲ್ಲಿ ನಮ್ಮದೂ ಒಂದಿರಬಹುದು. ಅದಕ್ಕೇ ಒಂದು ಲೆಕ್ಕ ಇಲ್ಲಿ ಮಾಡಿಯೇ ಬಿಡುತ್ತೇವೆ, ಅಂದು ಮಾಡಬೇಕಿತ್ತು.

ಪರೀಕ್ಷೆಯೊಂದು ಎರಡೂ ಕಡೆ ಶೇ 95 ಸರಿ ಎಂದಿಟ್ಟುಕೊಳ್ಳಿ. ಅಂದರೆ ಆಟಿಸಂ ಇರುವ 100 ಮಕ್ಕಳಲ್ಲಿ 95 ಜನರನ್ನು ಹಿಡಿಯುತ್ತದೆ, ಇಲ್ಲದ 100ರಲ್ಲಿ 95 ಜನರಿಗೆ ಇಲ್ಲವೆನ್ನುತ್ತದೆ. ನೂರಕ್ಕೆ ಒಬ್ಬರಿಗೆ ಆಟಿಸಂ ಇರುವ ಊರಿನಲ್ಲಿ 10,000 ಕೂಸುಗಳಿಗೆ ಇದನ್ನು ಮಾಡಿಸಿದೆವು. ಇರುವವರು 100, ಸಿಕ್ಕವರು 95. ಇಲ್ಲದವರು 9,900, ಅವರಲ್ಲಿ ತಪ್ಪಾಗಿ ಹೌದು ಎನಿಸಿಕೊಂಡವರು 495. ಒಟ್ಟು 590 ಮನೆಗಳಿಗೆ ನಿಮ್ಮ ಮಗುವಿಗೆ ಆಟಿಸಂ ಎಂದು ಚೀಟಿ ಹೋಗುತ್ತದೆ. ನಿಜವಾದದ್ದು 95 ಮನೆಯಲ್ಲಿ. ಉಳಿದವರ ಬಾಣಂತನ ಏನಾಗಬೇಕು? ಅದೇ ಪರೀಕ್ಷೆಯನ್ನು ಐದಕ್ಕೊಂದು ಸಂಭವ ಇರುವ ತಮ್ಮ ತಂಗಿಯರ ಗುಂಪಿನ 1,000 ಮಕ್ಕಳಿಗೆ ಮಾಡಿ: 230 ಚೀಟಿಗಳಲ್ಲಿ 190 ನಿಜ. ಯಂತ್ರ ಬದಲಾಗಲಿಲ್ಲ. ಯಾರ ಮೇಲೆ ಬಳಸಿದಿರಿ ಎಂಬುದು ಬದಲಾಯಿತು. ಸಂಶೋಧಕರು ತಮ್ಮ ಪ್ರಬಂಧಗಳಲ್ಲಿ ಯಾವ ಮಕ್ಕಳನ್ನು ಅಳೆದೆವೆಂದು ಬರೆದೇ ಇರುತ್ತಾರೆ. ತಲೆಬರಹದಲ್ಲಿ ಅದು ಉದುರಿಹೋಗುತ್ತದೆ.

ಬೆರಾ ಪರೀಕ್ಷೆಯದ್ದೂ ಇದೇ ಕಥೆ. ಆಟಿಸಂ ಇರುವ ಮಕ್ಕಳಲ್ಲಿ ಶಬ್ದದ ಸಂಕೇತ ಮೆದುಳಿನ ಕಾಂಡದಲ್ಲಿ ಸ್ವಲ್ಪ ನಿಧಾನ ಸಾಗುತ್ತದೆ ಎಂದು 1978ರಲ್ಲೇ ಒಂದು ವರದಿ ಇತ್ತು. ಅಮೆರಿಕದ ಫ್ಲಾರಿಡಾದಲ್ಲಿ ಸುಮಾರು 1 ಲಕ್ಷ 39 ಸಾವಿರ ನವಜಾತ ಶಿಶುಗಳ ಕಿವಿ ತಪಾಸಣೆಯ ದಾಖಲೆ ತೆಗೆದು ನೋಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಮುಂದೆ ಆಟಿಸಂ ಎಂದಾದ 321 ಮಕ್ಕಳಲ್ಲಿ ಆ ಸಂಕೇತ ಸರಾಸರಿಯಲ್ಲಿ ತಡವಾಗಿತ್ತು. ಹೊಸ ಯಂತ್ರ ಬೇಡ, ಹೊಸ ಖರ್ಚು ಬೇಡ, ಹುಟ್ಟಿದ ದಿನವೇ ಆಗುವ ಅಳತೆ. ನಮ್ಮಂಥ ಜಿಲ್ಲೆಗಳಿಗೆ ಹೊಂದುವ ದಾರಿ ಯಾವುದಾದರೂ ಇದ್ದರೆ ಅದು ಇದೇ ಎಂದು ನಮಗೆ ಅನಿಸುತ್ತದೆ. ಆದರೆ ಅದೂ ಸರಾಸರಿಯ ವ್ಯತ್ಯಾಸ, ಒಂದು ಮಗುವಿನ ತೀರ್ಪಲ್ಲ.

ಸದ್ಯಕ್ಕೆ ಈ ಓಟ ಎಲ್ಲಿಗೆ ಬಂದು ನಿಂತಿದೆ? ಮುಖ ನೋಡಿದಾಗ ಸೆಕೆಂಡಿನ ಆರರಲ್ಲೊಂದು ಭಾಗದಲ್ಲಿ ಏಳುವ ಎನ್170 ಎಂಬ ಅಲೆ ಆಟಿಸಂ ಇರುವವರಲ್ಲಿ ನಿಧಾನ ಎಂದು ಯೇಲ್ ವಿಶ್ವವಿದ್ಯಾಲಯದ ಜೇಮ್ಸ್ ಮ್ಯಾಕ್‌ಪಾರ್ಟ್‌ಲ್ಯಾಂಡ್ ಮತ್ತಿತರರು ತೋರಿಸಿದ್ದರು. ಅಮೆರಿಕದ ಎಫ್‌ಡಿಎ 2019ರಲ್ಲಿ ಅದನ್ನು ತನ್ನ ಜೈವಿಕ ಗುರುತುಗಳ ಪರಿಶೀಲನೆಗೆ ತೆಗೆದುಕೊಂಡಿತು. ಅದೂ ರೋಗಪತ್ತೆಗಲ್ಲ, ಔಷಧ ಪ್ರಯೋಗದಲ್ಲಿ ಮಕ್ಕಳನ್ನು ಗುಂಪು ಮಾಡಲು. 2022ರಲ್ಲಿ ಎಫ್‌ಡಿಎ ಒಪ್ಪಿಗೆ ಪಡೆದ, ಪುಟ್ಟ ಮಕ್ಕಳ ಆಟಿಸಂ ಪತ್ತೆಗೆ ನೆರವಾಗುವ ಯಂತ್ರ ಅಳೆಯುವುದು ಮೆದುಳನ್ನೇ ಅಲ್ಲ, ಮಗುವಿನ ಕಣ್ಣು ಪರದೆಯ ಮೇಲೆ ಎಲ್ಲಿ ನೋಡುತ್ತದೆ ಎಂಬುದನ್ನು.

ಹಾಗೆಂದು ಮಾತು ಬಾರದ ಮಗುವಿಗೆ ಇಇಜಿ ಮಾಡಿಸಿದ್ದೇ ತಪ್ಪು ಎನ್ನುವಂತಿಲ್ಲ. ಚೆನ್ನಾಗಿ ಮಾತಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಮಾತು ಕಳೆದುಕೊಂಡರೆ, ಲ್ಯಾಂಡೌ ಮತ್ತು ಕ್ಲೆಫ್‌ನರ್ 1957ರಲ್ಲಿ ವಿವರಿಸಿದ ಕಾಯಿಲೆ ಇರಬಹುದು. ಅದರಲ್ಲಿ ನಿದ್ದೆಯ ಇಇಜಿ ಮಾಡಿದರೇ ಗೊತ್ತಾಗುವುದು, ಔಷಧವೂ ಇದೆ. ಅಮೆರಿಕದ ನರರೋಗ ತಜ್ಞರ ಸಂಘಗಳು 2000ದಲ್ಲಿ ಹೇಳಿದ್ದೂ ಇದನ್ನೇ: ಫಿಟ್ಸ್ ಇದ್ದರೆ, ಬಂದ ಮಾತು ಹಿಂದೆ ಹೋದರೆ ಮಾಡಿಸಿ, ಆಟಿಸಂ ಸಂಶಯ ಇರುವ ಎಲ್ಲರಿಗೂ ಬೇಕಿಲ್ಲ.

ಯಂತ್ರ ಹಳ್ಳಿಗೆ ಬರಲಾರದು ಎಂದೂ ಅಲ್ಲ. ಹರಿಯಾಣದ ಹಳ್ಳಿಗಳಲ್ಲಿ, ತಜ್ಞರಲ್ಲದ ಸ್ಥಳೀಯ ಕಾರ್ಯಕರ್ತರೇ ಕಡಿಮೆ ಬೆಲೆಯ ಇಇಜಿ ಟೊಪ್ಪಿಗೆ ಹಿಡಿದು ಮನೆಗಳಿಗೆ ಹೋಗಿ, ಮೂರು ವರ್ಷದ ಮಕ್ಕಳ ಮೆದುಳಿನ ಅಲೆ ದಾಖಲಿಸಿದ್ದಾರೆ. ಅದು ಆಟಿಸಂ ಪತ್ತೆಗಲ್ಲ, ಸಾಧ್ಯವೇ ಎಂದು ನೋಡಲು. ಸಾಧ್ಯವಾಯಿತು. ನಮ್ಮ ಕಡೆ ಮೊದಲ ತೊಡಕು ತಲೆಗೂದಲಿನ ಎಣ್ಣೆ ಇದ್ದೀತು. ಎಣ್ಣೆ ಇದ್ದರೆ ವಿದ್ಯುತ್ ಸರಿಯಾಗಿ ಹಿಡಿಯುವುದಿಲ್ಲ, ಇಇಜಿ ಚೀಟಿಯಲ್ಲಿ ತಲೆ ತೊಳೆದು ಬನ್ನಿ ಎಂದು ಬರೆದಿರುವುದು ಅದಕ್ಕೇ.

ಇವತ್ತು ನಮ್ಮಲ್ಲಿ ಆಟಿಸಂ ಪ್ರಮಾಣಪತ್ರಕ್ಕೆ ಬಳಸುವುದು ಐಎಸ್‌ಎಎ ಎಂಬ ಭಾರತೀಯ ಮಾಪನ. 40 ಅಂಶ, ಪ್ರತಿಯೊಂದಕ್ಕೂ ಒಂದರಿಂದ ಐದು ಅಂಕ, ಮೊತ್ತ 70 ಮುಟ್ಟಿದರೆ ಆಟಿಸಂ. ಅಂಕ ಕೊಡುವುದು ಮಗುವನ್ನು ನೋಡಿ, ಮನೆಯವರನ್ನು ಕೇಳಿ. 1938ರ ಆ 33 ಪುಟಗಳ ಪತ್ರದಲ್ಲಿದ್ದದ್ದೂ ಅಂಥವೇ ವಿವರಗಳು.

ಓದಿದ್ದನ್ನು ಹೇಳಲು ಆ ತಾಯಿಯನ್ನು ಹುಡುಕಿಕೊಂಡು ಹೋದೆವು. ಬ್ರೇನ್ ಮ್ಯಾಪಿಂಗ್‌ಗೆ ಸಾಲ ಮಾಡಬೇಡಿ, ಮೊದಲು ಕಿವಿ ತೋರಿಸಿ, ಆಮೇಲೆ ಜಿಲ್ಲಾಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ಮಗುವನ್ನು ತೋರಿಸಿ ಎಂದೆವು. ಮೊದಲ ಸಲ ಸಂಶಯ ಬಂದದ್ದು ಯಾವಾಗ ಎಂದು ಕೇಳಿದಾಗ ಅವರು ಯೋಚಿಸಲೇ ಇಲ್ಲ. ಮಗುವಿಗೆ ಹನ್ನೊಂದು ತಿಂಗಳು, ಊರ ಜಾತ್ರೆ, ತೇರಿನ ಹತ್ತಿರ ಎಲ್ಲ ಮಕ್ಕಳೂ ಬೆರಳು ತೋರಿಸುತ್ತಿದ್ದವು, ಇವನು ಚಕ್ರವನ್ನೇ ನೋಡುತ್ತಿದ್ದ ಎಂದರು. ಆಮೇಲೆ ಒಂದೊಂದಾಗಿ ಬಂದವು: ಕರೆದರೆ ತಿರುಗದ್ದು, ಟಾಟಾ ಮಾಡುತ್ತಿದ್ದವನು ನಿಲ್ಲಿಸಿದ್ದು, ಬೇಕಾದ್ದಕ್ಕೆ ಅಮ್ಮನ ಕೈ ಹಿಡಿದೆಳೆಯುವುದು, ಮಿಕ್ಸಿ ಶಬ್ದಕ್ಕೆ ಅಳುವುದು. ಇದನ್ನೆಲ್ಲ ಯಾರಿಗಾದರೂ ಹೇಳಿದ್ದಿರಾ ಎಂದೆವು. ಯಾರೂ ಕೇಳಲಿಲ್ಲ ಎಂದರು. ಪ್ಲಾಸ್ಟಿಕ್ ಕವರಿನಲ್ಲಿ ಇಇಜಿ ಇತ್ತು, ರಕ್ತಪರೀಕ್ಷೆ ಇತ್ತು, ಬಸ್ ಟಿಕೆಟ್ಟುಗಳೂ ಇದ್ದವು. ನಮ್ಮ ನೋಟ್‌ಬುಕ್ಕಿನ ಎರಡು ಹಾಳೆಗಳಲ್ಲಿ ಅವರು ಹೇಳಿದ್ದನ್ನು ತಿಂಗಳ ಸಮೇತ ಬರೆದು, ಹರಿದು, ಅದನ್ನೂ ಅದರೊಳಗೆ ಇಟ್ಟುಕೊಟ್ಟೆವು. ಬರುವ ಸೋಮವಾರ ಹೋಗುತ್ತಾರಂತೆ.